ದಿನಬಳಕೆಗೆ ಕಿಲ್ಟ್: ಮೂರನೆಯದು ಸರಿಹೋಯಿತು

ಎಡಿನ್‌ಬರೋದ ನನ್ನ ಬೀರುವಿನಲ್ಲಿ ಈಗ ಮೂರು ಕಿಲ್ಟುಗಳಿವೆ. ಒಂದನ್ನು ನಾನು ಉಡುವುದೇ ಇಲ್ಲ, ಒಂದನ್ನು ಮಳೆಯ ದಿನಗಳಿಗೆಂದು ಇಟ್ಟುಕೊಂಡಿದ್ದೇನೆ, ಇನ್ನೊಂದನ್ನು ವಾರಕ್ಕೆ ನಾಲ್ಕು ದಿನವಾದರೂ ಉಟ್ಟು ಕಚೇರಿಗೆ, ಅಂಗಡಿಗೆ, ಗ್ರಂಥಾಲಯಕ್ಕೆ ಹೋಗಿಬರುತ್ತೇನೆ. ಊರಿನಲ್ಲಿ ಮನೆಗೆ ಬಂದೊಡನೆ ಪ್ಯಾಂಟು ಕಳಚಿ ಪಂಚೆ ಸುತ್ತಿಕೊಳ್ಳುತ್ತಿದ್ದವನಿಗೆ ಸೊಂಟಕ್ಕೆ ಸುತ್ತಿ ಮಂಡಿಯವರೆಗೆ ಉಡುವ, ಹಿಂದೆ ನೆರಿಗೆಗಳಿರುವ ಸ್ಕಾಟ್ಲೆಂಡಿನ ಈ ಉಡುಪು ಒಗ್ಗಲು ಹೆಚ್ಚು ದಿನ ಬೇಕಾಗಲಿಲ್ಲ; ಮೈಗೆ ಹಿತವಾದದ್ದನ್ನು ಆರಿಸಲು ಮಾತ್ರ ಎರಡು ವರ್ಷ ಹಿಡಿಯಿತು. ಮದುವೆಗಳಿಗೆ ಬಾಡಿಗೆಗೆ ತರುವ ಪೂರ್ಣ ಪೋಷಾಕಿನ ಮಾತು ಇಲ್ಲಿಲ್ಲ. ಟೀ ಶರ್ಟಿನ ಅಥವಾ ಸ್ವೆಟರಿನ ಜೊತೆಗೆ ದಿನವಿಡೀ ಉಡಬಹುದಾದ ಕಿಲ್ಟಿನ ವಿಷಯವಷ್ಟೇ ಹೇಳುತ್ತೇನೆ.

ಮೊದಲನೆಯದನ್ನು ರಾಯಲ್ ಮೈಲ್ ಬೀದಿಯಲ್ಲಿ, ಪ್ರವಾಸಿಗರಿಗೆಂದೇ ಇರುವ ಅಂಗಡಿಯೊಂದರಲ್ಲಿ, 35 ಪೌಂಡ್ ಕೊಟ್ಟು ತಂದೆ. ಕೆಂಪು ರಾಯಲ್ ಸ್ಟೂವರ್ಟ್ ಚೌಕಳಿ. ಕನ್ನಡಿಯ ಮುಂದೆ ಯಾವ ಕುಂದೂ ಕಾಣಿಸಲಿಲ್ಲ. ಬಟ್ಟೆ ಅಕ್ರಿಲಿಕ್ ಎಂಬುದನ್ನು ಮನೆಗೆ ಬಂದು ಚೀಟಿಯಲ್ಲಿ ಓದಿಕೊಂಡೆ. ನೆರಿಗೆಗಳನ್ನು ಸೊಂಟದ ಬಳಿ ಮೂರೇ ಅಂಗುಲ ಹೊಲಿದು ಉಳಿದದ್ದನ್ನು ಇಸ್ತ್ರಿಯ ಭರವಸೆಗೆ ಬಿಟ್ಟಿದ್ದರು, ತೊಗಲಿನ ಪಟ್ಟಿ ಇರಬೇಕಾದಲ್ಲಿ ವೆಲ್ಕ್ರೊ ಅಂಟಿಸಿದ್ದರು. ಸಮುದ್ರದ ಕಡೆಯಿಂದ ಬೀಸಿದ ಗಾಳಿಗೆ ಮೊದಲ ದಿನವೇ ಅದು ಕೊಡೆಯಂತೆ ಮೇಲೆದ್ದಿತು. ಒಳಗೆ ಏನು ತೊಡುತ್ತೀರಿ ಎಂಬ ಪ್ರಶ್ನೆಯನ್ನು ಕಿಲ್ಟ್ ಉಟ್ಟವರೆಲ್ಲರೂ ಕೇಳಿಸಿಕೊಳ್ಳುತ್ತಾರೆ. ಅದಕ್ಕೆ ನನ್ನ ಉತ್ತರವನ್ನು ಅಂದು ಬಸ್ ನಿಲ್ದಾಣದಲ್ಲಿದ್ದವರೆಲ್ಲರೂ ಕೇಳದೆಯೇ ತಿಳಿದುಕೊಂಡರು.

ಆಮೇಲೆ ಅರ್ಥವಾದದ್ದು ಬಟ್ಟೆಯ ತೂಕದ ಲೆಕ್ಕ. ಕಿಲ್ಟಿನ ಉಣ್ಣೆಬಟ್ಟೆಯನ್ನು ದುಪ್ಪಟ್ಟು ಅಗಲದ ಒಂದು ಗಜಕ್ಕೆ ಇಷ್ಟು ಔನ್ಸ್ (ಒಂದು ಔನ್ಸ್ ಸುಮಾರು 28 ಗ್ರಾಂ) ಎಂದು ಅಳೆಯುತ್ತಾರೆ: 10 ಅಥವಾ 11 ಔನ್ಸಿನದು ಹಗುರ, 13 ಔನ್ಸಿನದು ಮಧ್ಯಮ, 16 ಔನ್ಸಿನದು ಭಾರ. ಅಂಗಡಿಗಳಲ್ಲಿ ಹೆಮ್ಮೆಯಿಂದ ಹೇಳುವ "8 ಗಜದ ಕಿಲ್ಟ್" ಎಂದರೆ ಮಗ್ಗದಿಂದ ದುಪ್ಪಟ್ಟು ಅಗಲಕ್ಕೆ ಇಳಿದ 4 ಗಜದ ಬಟ್ಟೆಯನ್ನು ಉದ್ದಕ್ಕೆ ಸೀಳಿ, ಎರಡು ತುಂಡುಗಳನ್ನು ಕೂಡಿಸಿದ್ದು. ಆದ್ದರಿಂದ 16 ಔನ್ಸಿನ ಬಟ್ಟೆಯಲ್ಲಿ 8 ಗಜದ ಕಿಲ್ಟ್ ಹೊಲಿಸಿದರೆ ಸೊಂಟದ ಮೇಲೆ ಸುಮಾರು 1.8 ಕಿಲೋ ಬಟ್ಟೆ ಬೀಳುತ್ತದೆ, 13 ಔನ್ಸಿನಲ್ಲಿ 5 ಗಜದ್ದಾದರೆ ಒಂದು ಕಿಲೋಗೂ ಕಡಿಮೆ. ಒಂಬತ್ತು ಗಜದ ಸೀರೆಯುಟ್ಟು ಮನೆಗೆಲಸವೆಲ್ಲ ಮಾಡಿದ ನಮ್ಮಜ್ಜಿಗೆ ಇದು ಲೆಕ್ಕವೇ ಆಗುತ್ತಿರಲಿಲ್ಲವೇನೋ, ಆದರೆ ಈ ಉಣ್ಣೆಯ ನೆರಿಗೆಗಳೆಲ್ಲ ಬೆನ್ನ ಹಿಂದೆಯೇ ಒತ್ತೊತ್ತಾಗಿ ಕೂರುವುದರಿಂದ ದಿನವಿಡೀ ಕುರ್ಚಿಯಲ್ಲಿ ಕುಳಿತು ಕೆಲಸ ಮಾಡುವವರಿಗೆ 8 ಗಜ ದಿಂಬಿನ ಮೇಲೆ ಕುಳಿತಂತಾಗುತ್ತದೆ. ಹಾಗೆಂದು ತೀರ ಹಗುರವಾದದ್ದನ್ನು ಕೊಂಡರೆ ನನ್ನ ಬಸ್ ನಿಲ್ದಾಣದ ಪಾಡು. 8 ಗಜವಿಲ್ಲದಿದ್ದರೆ ಅದು ಕಿಲ್ಟೇ ಅಲ್ಲ ಎನ್ನುವ ಮಾರಾಟಗಾರರ ಮಾತನ್ನು ಪಕ್ಕಕ್ಕಿಡಬಹುದು. 18ನೆಯ ಶತಮಾನದ ಕೊನೆಯಲ್ಲಿ ಹೊಲಿದ ಕಿಲ್ಟುಗಳಿಗೆ ಸುಮಾರು 4 ಗಜ ಬಟ್ಟೆ ಸಾಕಾಗುತ್ತಿತ್ತು, 8 ಗಜದ ರೂಢಿ ಬಂದದ್ದು ಆಮೇಲೆ.

ಎರಡನೆಯ ಕಿಲ್ಟ್ ಪಾಲಿಯೆಸ್ಟರ್ ಮತ್ತು ವಿಸ್ಕೋಸ್ ಬೆರೆಸಿ ನೇಯ್ದ ಬಟ್ಟೆಯದು, ಬೆಲೆ 90 ಪೌಂಡ್. ಕಡುಹಸಿರು, ಕಡುನೀಲಿಯ ಬ್ಲ್ಯಾಕ್ ವಾಚ್ ಚೌಕಳಿ. ಮೆಷಿನ್ನಿನಲ್ಲಿ ತಣ್ಣೀರಿಗೆ ಹಾಕಿ ಒಗೆಯಬಹುದು, ಮೈಗೆ ಚುಚ್ಚುವುದಿಲ್ಲ, ಕೆಸರಿಗೆ ಹೆದರಬೇಕಾಗಿಲ್ಲ. ಇದನ್ನು ದೂರುವಂತಿಲ್ಲ, ಬಿಸಿಲಿನ ದಿನ ಸ್ವಲ್ಪ ಸೆಕೆಯಾಗುತ್ತದೆ, ಕುಳಿತೆದ್ದಾಗ ನೆರಿಗೆ ತಾನಾಗಿ ಉಣ್ಣೆಯಷ್ಟು ಚೊಕ್ಕವಾಗಿ ಇಳಿಯುವುದಿಲ್ಲ, ಅಷ್ಟೆ. ಮೊದಲ ಬಾರಿಗೆ ಕೊಳ್ಳುವವರು ಇಲ್ಲಿಂದಲೇ ಆರಂಭಿಸುವುದು ಜಾಣತನ ಎಂಬುದು ನನ್ನ ಅಭಿಪ್ರಾಯ. ಪಕ್ಕದಲ್ಲಿ ದೊಡ್ಡ ಜೇಬುಗಳಿರುವ ದಪ್ಪ ಹತ್ತಿಯ ಕಿಲ್ಟುಗಳೂ ಸಿಗುತ್ತವೆ. ಗೆಳೆಯರೊಬ್ಬರದನ್ನು ಒಂದು ವಾರ ಉಟ್ಟು ನೋಡಿದೆ. ಒಗೆದಾಗಲೆಲ್ಲ ನೆರಿಗೆಗಳನ್ನು ಒಂದೊಂದಾಗಿ ಇಸ್ತ್ರಿ ಮಾಡುವ ತಾಳ್ಮೆ ನನಗಿಲ್ಲ.

ಮೂರನೆಯದನ್ನು ಎಡಿನ್‌ಬರೋದ ಬಂದರು ಪ್ರದೇಶವಾದ ಲೀತ್ ಕಡೆಯ ಒಂದು ಸಣ್ಣ ಹೊಲಿಗೆಮನೆಯಲ್ಲಿ ಅಳತೆ ಕೊಟ್ಟು ಮಾಡಿಸಿದೆ. ಕಿಲ್ಟ್ ಹೊಲಿಯುವ ಹಿರಿಯ ಮಹಿಳೆ ಮೊದಲು ಕೇಳಿದ್ದು ನಾನು ದಿನಕ್ಕೆ ಎಷ್ಟು ಹೊತ್ತು ಕುಳಿತಿರುತ್ತೇನೆ ಎಂದು. ಪ್ಯಾಂಟಿನ ಅಳತೆ ಹೇಳಹೊರಟಾಗ ಅವರು ಟೇಪನ್ನು ಹೊಕ್ಕುಳಿನ ಮಟ್ಟಕ್ಕೆ ಏರಿಸಿದರು. ಅಲ್ಲಿ ಎರಡು ಅಂಗುಲ ಹೆಚ್ಚು ಬಂತು. ಪ್ಯಾಂಟು ಸೊಂಟದ ಕೆಳಗೆ ನಿಲ್ಲುತ್ತದೆ, ಕಿಲ್ಟ್ ನಿಲ್ಲಬೇಕಾದದ್ದು ಅದಕ್ಕಿಂತ ಮೇಲೆ, ಹೀಗಾಗಿ ಪ್ಯಾಂಟಿನ ಸಂಖ್ಯೆಯನ್ನೇ ಬರೆದು ಆನ್‌ಲೈನಿನಲ್ಲಿ ತರಿಸಿದವರಿಗೆ ಅದು ಉಸಿರು ಕಟ್ಟುವಷ್ಟು ಬಿಗಿಯಾಗುತ್ತದೆ. ಸೊಂಟ, ಪೃಷ್ಠದ ಅತ್ಯಂತ ಅಗಲವಾದ ಭಾಗ, ಸೊಂಟದಿಂದ ಮಂಡಿಯ ನಡುವಿನವರೆಗಿನ ಉದ್ದ, ಈ ಮೂರನ್ನೂ ಬೇರೆಯವರಿಂದ ಅಳೆಸಿಕೊಳ್ಳಬೇಕು, ಏಕೆಂದರೆ ಟೇಪು ನೋಡಲು ತಾನೇ ಬಗ್ಗಿದರೆ ಉದ್ದ ತಪ್ಪುತ್ತದೆ.

13 ಔನ್ಸಿನ ವೂಸ್ಟೆಡ್ ಉಣ್ಣೆ (ಬಿಗಿಯಾಗಿ ಹೊಸೆದ ನಯವಾದ ನೂಲಿನದು), 5 ಗಜ, ಬೂದುಬಣ್ಣದ ಚೌಕಳಿ, ಕೈಹೊಲಿಗೆ, 380 ಪೌಂಡ್, ಎಂಟು ವಾರಗಳ ಕಾಯುವಿಕೆ. ನೆರಿಗೆಗಳನ್ನು ಸೊಂಟದಿಂದ ಪೃಷ್ಠದವರೆಗೆ ಇಳಿಜಾರಾಗಿ ಹೊಲಿದು ಕೂರಿಸಿದ್ದಾರೆ, ಒಳಗೆ ಸೊಂಟದ ಭಾಗಕ್ಕೆ ಹತ್ತಿಯ ಅಸ್ತರು ಕೊಟ್ಟಿದ್ದಾರೆ. ನಡೆಯುವಾಗ ಹಿಂದೆ ನೆರಿಗೆ ತೂಗುತ್ತದೆ, ನಿಂತೊಡನೆ ಗೆರೆಗೆ ಗೆರೆ ಕೂಡಿಕೊಂಡು ಚೌಕಳಿ ಮತ್ತೆ ಇಡಿಯಾಗುತ್ತದೆ. ಸೋನೆ ಮಳೆಯ ಹನಿಗಳು ಬಟ್ಟೆಯೊಳಗೆ ಇಳಿಯದೆ ಮೇಲೆಯೇ ನಿಲ್ಲುತ್ತವೆ, ಒಮ್ಮೆ ಒದರಿದರೆ ಸಾಕು. ಹದಿನಾಲ್ಕು ತಿಂಗಳಲ್ಲಿ ಒಮ್ಮೆ ಮಾತ್ರ ಡ್ರೈ ಕ್ಲೀನಿಂಗಿಗೆ ಕೊಟ್ಟಿದ್ದೇನೆ, ಅದೂ ನೆರಿಗೆಗಳ ಅಂಚಿಗೆ ದೊಡ್ಡ ಕಚ್ಚಾ ಹೊಲಿಗೆ ಹಾಕಿ. ಉಳಿದಂತೆ ಕ್ಲಿಪ್ಪಿನ ಹ್ಯಾಂಗರಿಗೆ ಸಿಕ್ಕಿಸಿ ಗಾಳಿಗೆ ತೂಗುಹಾಕಿದರೆ ಸಾಕಾಗುತ್ತದೆ.

ಕುಳಿತುಕೊಳ್ಳುವಾಗ ಅಂಗೈಯಿಂದ ನೆರಿಗೆಗಳನ್ನು ಕೆಳಕ್ಕೆ ಸವರಿಕೊಂಡು ಕೂರುವುದನ್ನು ರೂಢಿಸಿಕೊಳ್ಳಬೇಕು, ಇಲ್ಲವಾದರೆ ಒಂದೇ ದಿನದಲ್ಲಿ ಸುಕ್ಕು ಬೀಳುತ್ತದೆ. ಉಣ್ಣೆಯ ಕಿಲ್ಟಿಗೆ ಜೇಬಿಲ್ಲ. ಮುಂದೆ ತೂಗುವ ಸ್ಪಾರನ್ ಎಂಬ ಚೀಲವೇ ಜೇಬು, ದಿನಬಳಕೆಗೆ ಸಾದಾ ತೊಗಲಿನದೇ ಲೇಸು. ಕಿಲ್ಟ್ ಪಿನ್ನನ್ನು ಹೊರಗಿನ ಪದರಕ್ಕೆ ಮಾತ್ರ ಸಿಕ್ಕಿಸಬೇಕು; ಮನೆಯಲ್ಲಿ ಸೀರೆಯ ಸೆರಗಿಗೆ ಪಿನ್ನು ಹಾಕುವುದನ್ನು ನೋಡಿದ ಅಭ್ಯಾಸದಲ್ಲಿ ಎರಡೂ ಪದರ ಸೇರಿಸಿ ಚುಚ್ಚಿದ ನಾನು ಬಸ್ಸು ಹತ್ತುವಾಗ ಬಟ್ಟೆ ಹರಿದುಕೊಳ್ಳುವುದರಲ್ಲಿದ್ದೆ. ಕಾಲಿಗೆ ಸಾಮಾನ್ಯ ಬೂಟು, ಕೆಳಕ್ಕೆ ಮಡಿಸಿದ ದಪ್ಪ ಕಾಲುಚೀಲ ಸಾಕು. ಸ್ಕಾಟ್ಲೆಂಡಿನ ಹಲವು ಕುಲಗಳಿಗೆ (ಕ್ಲಾನ್) ತಮ್ಮದೇ ಚೌಕಳಿಗಳಿವೆ, ಆದರೆ ಯಾವ ಚೌಕಳಿ ಯಾರ ಕುಲದ್ದು ಎಂಬ ಅಂಜಿಕೆ ಅನವಶ್ಯಕ; ಕುಲದವರಲ್ಲದವರು ಉಡಬಾರದೆಂಬ ಕಾನೂನೇನೂ ಇಲ್ಲ, ಬ್ಲ್ಯಾಕ್ ವಾಚ್‌ನಂಥವನ್ನಂತೂ ಎಲ್ಲರೂ ಉಡುತ್ತಾರೆ.

ಕಳೆದ ಚಳಿಗಾಲದಲ್ಲಿ ನನ್ನ ಹೊಟ್ಟೆ ಒಂದೂವರೆ ಅಂಗುಲ ಬೆಳೆದಾಗ ಪಟ್ಟಿಯ ಕೊನೆಯ ತೂತೂ ಸಾಲದಾಯಿತು. ಆ ಮಹಿಳೆ ಬಕಲುಗಳನ್ನು ಬಿಚ್ಚಿ, ಜರುಗಿಸಿ, ನನ್ನೆದುರಿಗೇ ಹೊಲಿದುಕೊಟ್ಟು 10 ಪೌಂಡ್ ತೆಗೆದುಕೊಂಡರು. ಇನ್ನೂ ಎರಡು ಸಲ ಜರುಗಿಸುವಷ್ಟು ಜಾಗ ಉಳಿದಿದೆಯೆಂದು ತೋರಿಸಿ, ಆಮೇಲೆ ಬರಬೇಡಿ ಎಂದರು.