ಕಲಬುರಗಿಯ ರೇನ್‌ಕೋಟ್, ಮಲ್ಪೆಯ ಮಳೆ

ನಮ್ಮ ಕಲಬುರಗಿಯಲ್ಲಿ ರೇನ್‌ಕೋಟ್ ಪರೀಕ್ಷೆ ಮಾಡುವಷ್ಟು ಮಳೆ ಎಲ್ಲಿ ಬರುತ್ತದೆ ಹೇಳಿ? ಇಲ್ಲಿನ ಸೂಪರ್ ಮಾರ್ಕೆಟ್ ಪೇಟೆಯ ಒಂದು ಅಂಗಡಿಯಲ್ಲಿ 450 ರೂಪಾಯಿ ಕೊಟ್ಟು ನಾಲ್ಕು ವರ್ಷದ ಮಗನಿಗೆ ಹಳದಿ ರೇನ್‌ಕೋಟ್ ತಗೊಂಡೆ. "ಒಂದು ಹನಿನೂ ಒಳಗ ಹೋಗಂಗಿಲ್ಲ ಅಕ್ಕಾರೆ" ಅಂದರು ಅಂಗಡಿಯವರು. ಅದು ಎಷ್ಟು ನಿಜ ಅಂತ ಜುಲೈನಲ್ಲಿ ಉಡುಪಿ ಹತ್ತಿರದ ಮಲ್ಪೆ ಬೀಚಿಗೆ ಹೋದಾಗ ಗೊತ್ತಾಯ್ತು.

ಆ ಮಳೆ ಮೇಲಿಂದ ಬೀಳುವುದಿಲ್ಲ, ಸಮುದ್ರದ ಕಡೆಯಿಂದ ಅಡ್ಡಡ್ಡ ಬಂದು ಹೊಡೆಯುತ್ತದೆ. ಟೋಪಿ ಹತ್ತು ನಿಮಿಷ ಕೂಡ ತಲೆ ಮೇಲೆ ನಿಲ್ಲಲಿಲ್ಲ. ವೆಲ್ಕ್ರೋದಲ್ಲಿ ಮರಳು ತುಂಬಿ ಅಂಟುವುದೇ ನಿಂತುಹೋಯಿತು. ಆದರೆ ಮೈ ಬೆಚ್ಚಗಿತ್ತು, ಭುಜದ ಹೊಲಿಗೆ ಹತ್ತಿರ ಮಾತ್ರ ಸ್ವಲ್ಪ ಒದ್ದೆ.

ಮಳೆಗಾಲದಲ್ಲಿ ಅಲ್ಲಿ ನೀರಿಗೆ ಇಳಿಯುವ ಹಾಗಿಲ್ಲ, ಸೇಂಟ್ ಮೇರೀಸ್ ದ್ವೀಪದ ಬೋಟೂ ಇರುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೂ ನಿಷೇಧ, ಹಾಗಾಗಿ ಬಂದರಿನಲ್ಲಿ ಬೋಟುಗಳೆಲ್ಲ ಸಾಲಾಗಿ ನಿಂತಿದ್ದವು, ಮಗ ಅವನ್ನು ಎಣಿಸುತ್ತಾ ಇಪ್ಪತ್ತಾದ ಮೇಲೆ ಮತ್ತೆ ಒಂದರಿಂದ ಶುರು ಮಾಡುತ್ತಿದ್ದ. ನಮ್ಮ ಜಿಲ್ಲೆಯ ಅಮರ್ಜಾ ಡ್ಯಾಮ್ ಬಿಟ್ಟು ದೊಡ್ಡ ನೀರೇ ನೋಡಿರದ ಹುಡುಗ ಅಲ್ವಾ, "ಅವ್ವಾ, ಇದರ ಆಚಿ ದಂಡಿ ಎಲ್ಲಿ ಅದ?" ಅಂತ ಕೇಳಿದ. ನನಗೂ ಉತ್ತರ ಬರಲಿಲ್ಲ, ಸುಮ್ನೆ ಬಿಸಿ ಗೋಳಿಬಜೆ ಕೊಡಿಸಿದೆ.

ಈ ರೇನ್‌ಕೋಟ್‌ಗೆ ಕೊಡುವ ದುಡ್ಡಿಗೆ ಮೋಸವಿಲ್ಲ. ಆದರೆ ವೆಲ್ಕ್ರೋ ಇರುವುದು ಬೇಡ, ಗುಂಡಿ ಮತ್ತು ಟೋಪಿಗೆ ದಾರ ಇರುವುದನ್ನೇ ಕೇಳಿ. ಒಂದು ಸೈಜು ದೊಡ್ಡದಿರಲಿ, ಒಳಗೆ ಸ್ವೆಟರ್ ಹಾಕಬೇಕಾಗುತ್ತದೆ.