ಪ್ರಶ್ನೆಯ ಕುರ್ಚಿಯೋ, ಬರೆಯದ ಪ್ರಸಂಗವೋ: ಪಾತ್ರ ಕಟ್ಟಲು ಯಾವ ತಾಲೀಮು?

ವಿಜಯಪುರದ ಒಣದ್ರಾಕ್ಷಿ ದಲಾಲಿಯ ಪಾತ್ರ ಕಟ್ಟಬೇಕು ಅಂದುಕೊಳ್ಳಿ. ಆಶು ಅಭಿನಯದಲ್ಲಿ, ಅಂದರೆ ಬರೆದ ಮಾತಿಲ್ಲದೆ ಸ್ಥಳದಲ್ಲೇ ಹೊಳೆದಂತೆ ಆಡುವುದರಲ್ಲಿ, ಮುಖ್ಯವಾಗಿ ಎರಡು ದಾರಿ.

ಪ್ರಶ್ನೆಯ ಕುರ್ಚಿಯಲ್ಲಿ ನಟ ಪಾತ್ರವಾಗಿ ಕೂರುತ್ತಾನೆ, ತಂಡ 10 ನಿಮಿಷ ಕೇಳುತ್ತದೆ. "ನಿನಗ ಬ್ಯಾಸರ ಐತೇನು?" ಅಂದರೆ ಭಾಷಣ ಬರುತ್ತದೆ. "ಕಿಸೆದಾಗ ಈಗ ಏನೈತಿ? ಮುಂಜಾನೆ ಯಾರ ಫೋನ್ ಎತ್ತಲಿಲ್ಲ?" ಅಂದರೆ ಮನುಷ್ಯ ಕಾಣುತ್ತಾನೆ. ಹೊಸಬರಿಗೂ ಸುಲಭ, ಆದರೆ ದೇಹ ಕುರ್ಚಿಯಲ್ಲೇ ಉಳಿಯುತ್ತದೆ.

ಎರಡನೆಯದು, ನಾಟಕದಲ್ಲಿ ಬರೆಯದ ಪ್ರಸಂಗವನ್ನು ಆಡುವುದು. ಇಬ್ಬರು ನಟರು, ಒಂದು ಜಾಗ, ಒಂದು ಬಟ್ಟಲು ದ್ರಾಕ್ಷಿ. ಗುರಿಯನ್ನು ಒಬ್ಬೊಬ್ಬರ ಕಿವಿಯಲ್ಲಿ ಬೇರೆಬೇರೆಯಾಗಿ ಹೇಳಿ: ದಲಾಲಿಗೆ "ಇವತ್ತ ರೊಕ್ಕ ಕೊಡಬ್ಯಾಡ", ರೈತನಿಗೆ "ರೊಕ್ಕ ಇಲ್ಲದ ಏಳಬ್ಯಾಡ". 7 ನಿಮಿಷ ಸಾಕು, ಮೊದಲ 2 ನಿಮಿಷ ಮಾತಿಲ್ಲ. ಆಗ ದಲಾಲಿ ಒಂದು ದ್ರಾಕ್ಷಿ ಎತ್ತಿ, ಬೆರಳಲ್ಲಿ ಹಿಸುಕಿ, ಮೂಸಿ, ಬೆಲೆ ಹೇಳದೆ ಬಟ್ಟಲಿಗೆ ಹಾಕುತ್ತಾನೆ. ಆ ಬೆರಳುಗಳಲ್ಲಿ ಪಾತ್ರ ಹುಟ್ಟಿರುತ್ತದೆ! ಕೆಡುವುದು ಗುರಿ ಸಡಿಲಾದಾಗ, ಆಗ ಬರೀ ಹರಟೆ. ನೋಡುತ್ತ ಕೂತವರು ನಕ್ಕರೂ ಕೆಡುತ್ತದೆ, ನಟರು ನಗುವಿನ ಬೆನ್ನು ಹತ್ತುತ್ತಾರೆ. ಮುಗಿದ ಕೂಡಲೇ ಉಳಿಸಬೇಕಾದ ಒಂದೇ ಕ್ರಿಯೆ ಬರೆದಿಟ್ಟು, ಅದೇ ದಿನ ಪಠ್ಯದ ದೃಶ್ಯಕ್ಕೆ ಸೇರಿಸಿ ನೋಡಿ. ನಾಳೆಗೆ ಬಿಟ್ಟರೆ ನಟ ಅದರ ನಕಲು ಮಾಡುತ್ತಾನೆ.

ಉತ್ತರ ಕರ್ನಾಟಕದ ಜನಪದ ನಾಟಕವಾದ ಶ್ರೀಕೃಷ್ಣ ಪಾರಿಜಾತದಲ್ಲಿ ಸ್ಥಳದಲ್ಲೇ ಮಾತು ಹೆಣೆದು ಪಳಗಿದವರಿಗೆ ಮಾತು ಬೇಗ ಬರುತ್ತದೆ, ಮೌನ ಬರುವುದಿಲ್ಲ. ಅವರಿಗೆ ಮೌನವನ್ನು 4 ನಿಮಿಷಕ್ಕೆ ಹಿಗ್ಗಿಸಿ.

3 ವಾರದ ತಾಲೀಮಾದರೆ ಕುರ್ಚಿಗೆ ಒಂದೇ ಸಂಜೆ ಕೊಡಿ, ಉಳಿದದ್ದು ಪ್ರಸಂಗಕ್ಕೆ.