ಲಡಾಖ್‌ನ ಮಾರ್ಖಾ ಕಣಿವೆಗೆ ‘ಸೆಲ್ಫ್ ಗೈಡೆಡ್’ ಟ್ರೆಕಿಂಗ್ ಪ್ಯಾಕೇಜ್ ತೆಗೆದುಕೊಳ್ಳುವ ಮೈಸೂರಿನವರೇ, ಬಾಕಿ ದುಡ್ಡು ಹಾಕುವ ಮುಂಚೆ ಓದಿ

96,000 ರೂಪಾಯಿ. ಮೂರು ಜನಕ್ಕೆ. ವಿಮಾನದ ಟಿಕೆಟ್ ಬಿಟ್ಟು. ಇಷ್ಟು ಕೊಟ್ಟ ಮೇಲೆ ನಮ್ಮ ಕೈಗೆ ಬಂದದ್ದು ಒಂದು ಪಿಡಿಎಫ್, ಒಂದು ಮ್ಯಾಪ್ ಫೈಲ್, ನಾಲ್ಕು ವೋಚರ್. ಅಷ್ಟೇ.

ಇದನ್ನು ಬರೆಯಲು ನನಗೆ ನಾಚಿಕೆ. ಅದಕ್ಕೇ ಎರಡು ತಿಂಗಳು ಸುಮ್ಮನಿದ್ದೆ. ಮೊನ್ನೆ ಚಾಮುಂಡಿ ಬೆಟ್ಟದ ಮೆಟ್ಟಿಲ ಹತ್ತಿರ ಪರಿಚಯದವರೊಬ್ಬರು ಸಿಕ್ಕಿ, “ನಾವೂ ಅವರ ಹತ್ರಾನೇ ಮುಂದಿನ ವರ್ಷಕ್ಕೆ ಅಡ್ವಾನ್ಸ್ ಕಟ್ಟಿದ್ದೀವಿ ಸಾರ್, ನೀವು ಹೋಗಿ ಬಂದ್ರಂತಲ್ಲ, ಹೇಗಿತ್ತು?” ಅಂದರು. ನಾನು “ಚೆನ್ನಾಗಿತ್ತು” ಅಂದುಬಿಟ್ಟೆ! ಮನೆಗೆ ಬಂದು ನಿದ್ದೆ ಬರಲಿಲ್ಲ.

ಕಂಪನಿಯ ಹೆಸರು ಹಾಕುತ್ತಿಲ್ಲ. ದೂರು ಕೊಟ್ಟಿದ್ದೇನೆ, ಅದು ನಡೆಯಲಿ. ಮೈಸೂರಿನಲ್ಲೇ ಇದ್ದಾರೆ, ಮಹಡಿ ಮೇಲೆ ಒಂದು ರೂಮು, ಗೋಡೆ ತುಂಬಾ ಹಿಮದ ಫೋಟೋ.

ಸೆಲ್ಫ್ ಗೈಡೆಡ್ ಅಂದರೆ ಏನು ಅಂತ ನನಗೆ ಗೊತ್ತಿಲ್ಲದೆ ಏನಿರಲಿಲ್ಲ. ಗೈಡ್ ಇರುವುದಿಲ್ಲ, ನಾವೇ ನಡೆಯಬೇಕು. ಆದರೆ ಪ್ರತಿ ಊರಲ್ಲಿ ಮಲಗುವ ಜಾಗ ಮೊದಲೇ ಗೊತ್ತುಮಾಡಿರುತ್ತಾರೆ, ದೊಡ್ಡ ಬ್ಯಾಗು ಬೇರೆ ದಾರಿಯಲ್ಲಿ ಮುಂದಿನ ಊರು ಸೇರುತ್ತದೆ, ಸರಿಯಾದ ಮ್ಯಾಪ್ ಕೊಡುತ್ತಾರೆ, ಏನಾದರೂ ಆದರೆ ಫೋನ್ ಎತ್ತುವವರು ಒಬ್ಬರು ಇರುತ್ತಾರೆ. ಯುರೋಪಿನಲ್ಲಿ ಮೋಂಟ್ ಬ್ಲಾಂಕ್ ಬೆಟ್ಟದ ಸುತ್ತ ಸುಮಾರು 170 ಕಿಲೋಮೀಟರ್ ಜನ ಹೀಗೇ ನಡೆಯುತ್ತಾರೆ. ಆ ಕಂಪನಿಯ ಹುಡುಗ ನನಗೆ ಹೇಳಿದ್ದೂ ಅದನ್ನೇ. “ಸಾರ್, ಆಲ್ಪ್ಸ್ ಸ್ಟೈಲಲ್ಲೇ ಲಡಾಖ್‌ನಲ್ಲಿ ಮಾಡಿಸ್ತೀವಿ. ನೀವು ಕೈ ಬೀಸ್ಕೊಂಡು ನಡೆದ್ರೆ ಸಾಕು.”

ಕೈ ಬೀಸಿಕೊಂಡು! ಈ ಮಾತನ್ನು ನೆನಪಿಟ್ಟುಕೊಳ್ಳಿ.

ಹೋಗಿದ್ದು ನಾನು, ನನ್ನ ಹೆಂಡತಿ, ಮಂಡ್ಯದಲ್ಲಿರುವ ನನ್ನ ಭಾವಮೈದ. ಮೂವರ ದುಡ್ಡೂ ನನ್ನ ಕೈಯಿಂದಲೇ ಹೋಯಿತು. ಅರ್ಧ ಮೊದಲು, ಅರ್ಧ ಹೊರಡುವ ಹದಿನೈದು ದಿನ ಮುಂಚೆ. ಎರಡನೇ ಕಂತು ಕಂಪನಿ ಖಾತೆಗಲ್ಲ, “ಜಿಎಸ್‌ಟಿ ಉಳಿಯುತ್ತೆ ಸಾರ್” ಅಂತ ಯಾರದೋ ಸ್ವಂತ ನಂಬರಿಗೆ ಯುಪಿಐ. ಹಾಕಿದೆ. ಮೂವತ್ತು ವರ್ಷ ಲೆಕ್ಕಪತ್ರದ ಕೆಲಸ ಮಾಡಿದವನು ನಾನು. ಬಿಲ್ಲು ಕೇಳದೆ ಹಾಕಿದೆ.

ಮೇ ತಿಂಗಳಿಂದ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ ಅಭ್ಯಾಸ ಮಾಡಿದ್ದೆವು. ನಂದಿ ಹತ್ತಿರ ಕೂತು ಎಲ್ಲರಿಗೂ ಕೊಂಗ್‌ಮಾರು ಲಾ ಅನ್ನುವ, ಬೆಟ್ಟ ದಾಟುವ ಎತ್ತರದ ದಾರಿಯ ಕಥೆ ಹೇಳುವುದೇ ಆಗಿತ್ತು. 5,200 ಮೀಟರಿಗಿಂತ ಎತ್ತರ, ನಮ್ಮ ಬೆಟ್ಟ ಸಾವಿರ ಚಿಲ್ಲರೆ ಅಷ್ಟೇ ಅಂತ. ಈಗ ಅದೇ ಜನ “ಮೇಲಿಂದ ಹೇಗೆ ಕಾಣ್ತಿತ್ತು?” ಅಂತ ಕೇಳುತ್ತಾರೆ. ನಾನು ಅದನ್ನು ನೋಡಲೇ ಇಲ್ಲ.

ಜುಲೈ ಕೊನೆಗೆ ಹೊರಟೆವು. ಫ್ಲೈಬಸ್ಸಿನಲ್ಲಿ ಬೆಂಗಳೂರು ವಿಮಾನ ನಿಲ್ದಾಣ, ಅಲ್ಲಿಂದ ದೆಹಲಿ, ಅಲ್ಲಿಂದ ಲೇಹ್. ಇಳಿದ ತಕ್ಷಣ ಮೊದಲ ಪೆಟ್ಟು. ಹೊರಗಿನ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಹೋಗಿ ಬಂದವರಿಗೆಲ್ಲ ಗೊತ್ತಿರುವ ವಿಷಯ. ಇವರ ನಲವತ್ತು ಪುಟದ ಪಿಡಿಎಫ್‌ನಲ್ಲಿ ಇದೊಂದು ಸಾಲು ಇಲ್ಲ. ಭಾವಮೈದನ ಫೋನ್ ಒಂದೇ ಜೀವಂತ.

ಎರಡನೆಯದು ಇನ್ನೂ ಕೆಟ್ಟದ್ದು. ಅವರ ಪ್ಲಾನಿನಲ್ಲಿ ಇಳಿದ ಮಾರನೇ ದಿನವೇ ನಡಿಗೆ. ಲೇಹ್ ಇರುವುದೇ 3,500 ಮೀಟರ್ ಎತ್ತರದಲ್ಲಿ. ನಾವು ಉಳಿದಿದ್ದ ಗೆಸ್ಟ್‌ಹೌಸಿನ ಅಜ್ಜಿ, ಆಮಾ-ಲೇ ಅಂತ ಕರೆಯುತ್ತಾರೆ, ಆ ಹಾಳೆ ನೋಡಿ ತಲೆ ಅಲ್ಲಾಡಿಸಿದರು. ವಿಮಾನದಲ್ಲಿ ಬಂದವರು ಕಡಿಮೆ ಅಂದರೂ ಎರಡು ದಿನ ಸುಮ್ನೆ ಬಿದ್ದುಕೊಂಡಿರಬೇಕು, ನೀರು ಕುಡಿಯಬೇಕು ಅಂತ ಹಿಂದಿಯಲ್ಲಿ ಬೈದರು. ಅವರ ಮಾತು ಕೇಳಿದೆವು. ಹೆಚ್ಚಿನ ಎರಡು ರಾತ್ರಿಯ ಖರ್ಚು ನಮ್ಮದೇ. ಆ ಹುಡುಗನಿಗೆ ಮೆಸೇಜ್ ಮಾಡಿದೆ: ಎರಡು ದಿನ ತಡವಾಗುತ್ತೆ, ಬ್ಯಾಗು ಹೊರುವ ಕುದುರೆಯವರಿಗೆ ಹೇಳಿ. “ಓಕೆ ಸಾರ್, ಇನ್ಫಾರ್ಮ್ ಮಾಡಿದ್ದೀನಿ” ಅಂತ ಉತ್ತರ, ಜೊತೆಗೊಂದು ಹೆಬ್ಬೆಟ್ಟು. ಆ ಹೆಬ್ಬೆಟ್ಟಿನ ಚಿತ್ರ ಇವತ್ತೂ ನನ್ನ ಫೋನಿನಲ್ಲಿದೆ.

ಟ್ಯಾಕ್ಸಿ ಬಂತು. ಸುಳ್ಳು ಹೇಳಬಾರದು, ಟ್ಯಾಕ್ಸಿ ಸರಿಯಾಗಿ ಬಂತು. ನಿಮ್ಮು ಹತ್ತಿರ ಸಿಂಧೂ ನದಿಗೆ ಜಂಸ್ಕಾರ್ ಸೇರುವ ಜಾಗ, ಎರಡು ಬಣ್ಣದ ನೀರು. ಅಲ್ಲಿಂದ ಜಂಸ್ಕಾರ್ ಕೊರಕಲಿನಲ್ಲಿ ರಸ್ತೆ, ಎರಡೂ ಕಡೆ ಬೋಳು ಬಂಡೆಯ ಗೋಡೆ. ತಾಮ್ರದ ಕೆಲಸಕ್ಕೆ ಹೆಸರಾದ ಚಿಲ್ಲಿಂಗ್ ಊರು ದಾಟಿ ಸೇತುವೆ ಹತ್ತಿರ ಇಳಿಸಿ ಟ್ಯಾಕ್ಸಿಯವನು ಹೋದ. ಬೆಳಿಗ್ಗೆ ಎಂಟು ಗಂಟೆ. ಇಲ್ಲೇ ಕುದುರೆ ಬರಬೇಕು.

ಬರಲಿಲ್ಲ.

ಒಂಬತ್ತಾಯಿತು. ಹತ್ತಾಯಿತು. ಬಿಸಿಲು ನೆತ್ತಿ ಸುಡುತ್ತಿದೆ, ನೆರಳಿಗೆ ಒಂದು ಗಿಡ ಇಲ್ಲ. ಸಿಗ್ನಲ್ ಇಲ್ಲ. ಇಪ್ಪತ್ತನಾಲ್ಕು ಗಂಟೆ ಸಹಾಯವಾಣಿ ಅಂತ ಕೊಟ್ಟ ನಂಬರನ್ನು ಸಿಗ್ನಲ್ಲೇ ಇಲ್ಲದ ಕಣಿವೆಯಲ್ಲಿ ಯಾವ ಗಂಟೆಗೆ ಒತ್ತಬೇಕು ಹೇಳಿ. ಹನ್ನೊಂದೂವರೆಗೆ ಭಾವಮೈದ ಎದ್ದು ನಿಂತ. “ಭಾವ, ಎಲ್ಲೈತೆ ನಿಮ್ ಕುದ್ರೆ?”

ಈಗ ನಾಚಿಕೆಯ ಭಾಗ. “ನಿಮ್ಮ ಬ್ಯಾಗು ನಿಮಗಿಂತ ಮೊದಲು ಮನೆ ಸೇರಿರುತ್ತದೆ” ಅಂತ ಪಿಡಿಎಫ್‌ನಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತಲ್ಲ, ಅದನ್ನು ನಂಬಿ ನನ್ನ ಹೆಂಡತಿ ಟ್ರಾಲಿ ಬ್ಯಾಗ್ ತಂದಿದ್ದಳು. ಚಕ್ರದ ಬ್ಯಾಗು. ಹದಿನಾಲ್ಕು ಕಿಲೋ. ಅದಕ್ಕೆ ಒಪ್ಪಿದವನು ನಾನೇ. ಭಾವಮೈದ ಟವೆಲ್ ಸಿಂಬಿ ಮಾಡಿ ಹುಲ್ಲಿನ ಹೊರೆ ಹೊತ್ತ ಹಾಗೆ ಅದನ್ನು ತಲೆ ಮೇಲಿಟ್ಟುಕೊಂಡು ಮಾರ್ಖಾ ಕಣಿವೆಯೊಳಗೆ ನಡೆದ. ಎದುರಿಗೆ ಬಂದ ಇಬ್ಬರು ವಿದೇಶಿಯರು ನಿಂತು ನೋಡಿದರು. ಫೋಟೋ ತೆಗೆದರೋ ಏನೋ, ನಾನು ತಿರುಗಿ ನೋಡಲಿಲ್ಲ.

“ಯಾರೂ ಇಲ್ಲದ ಕಾಲುದಾರಿ” ಅಂದಿದ್ದರು. ಸ್ಕಿಯು ಊರಿನಾಚೆಗೂ ಈಗ ಜೀಪ್ ರಸ್ತೆ ಬಂದಿದೆ. ಧೂಳು ತಿನ್ನುತ್ತಾ ನಡೆದೆವು. ಅದು ಬಂದಿದೆ ಅಂತ ಹೇಳಿದ್ದರೆ ಬೇಜಾರಿರಲಿಲ್ಲ, ಬ್ಯಾಗನ್ನು ಜೀಪಿನಲ್ಲೇ ಹಾಕಿ ಕಳಿಸಬಹುದಿತ್ತಲ್ವಾ?

ಮೋಸ ಹೋಗಿದ್ದೇವೆ ಅಂತ ನಿಜವಾಗಿ ಗೊತ್ತಾದದ್ದು ಸ್ಕಿಯುವಿನಲ್ಲಿ, ಸಂಜೆ. ವೋಚರುಗಳನ್ನು ನಾನು ಅಶೋಕ ರಸ್ತೆಯಲ್ಲಿ ಪ್ರಿಂಟ್ ಹಾಕಿಸಿ ಲ್ಯಾಮಿನೇಷನ್ ಮಾಡಿಸಿದ್ದೆ, ಮಳೆಗೆ ನೆನೆಯಬಾರದು ಅಂತ. ನಂಬರು, ಸೀಲು, “ಕನ್ಫರ್ಮ್ಡ್, ಒಂದು ರೂಮು, ಮೂರು ಜನ”. ಜಂಬದಿಂದ ಮನೆಯಾಕೆಯ ಕೈಗೆ ಕೊಟ್ಟೆ. ಆಕೆ ಹಿಂದೆ ಮುಂದೆ ತಿರುಗಿಸಿ ನೋಡಿ ಅತ್ತೆಯ ಕೈಗೆ ಕೊಟ್ಟರು. ಮಗನನ್ನು ಕರೆದರು. ಅವನು ಹಿಂದಿಯಲ್ಲಿ ಹೇಳಿದ್ದು ಇಷ್ಟು: ಇಲ್ಲಿ ಯಾರೂ ಮುಂಚೆ ಬುಕ್ ಮಾಡುವುದಿಲ್ಲ. ಊರಿನ ಮನೆಗಳಿಗೆ ಸರದಿ ಇದೆ. ಬಂದವರನ್ನು ಯಾರ ಸರದಿಯೋ ಅವರ ಮನೆಗೆ ಕಳಿಸುತ್ತಾರೆ, ದುಡ್ಡು ಆ ಮನೆಗೇ ಕೊಡಬೇಕು. ಇಂಥ ಕಂಪನಿ ಹೆಸರು ಕೇಳಿಲ್ಲ. ಕುದುರೆ ಬೇಕು ಅಂತ ಮೇಲಿನಿಂದಾಗಲಿ ಕೆಳಗಿನಿಂದಾಗಲಿ ಯಾರೂ ಹೇಳಿ ಕಳಿಸಿಲ್ಲ.

ನಾನು ಮತ್ತೆ ವೋಚರ್ ತೋರಿಸಿದೆ. ಏನೋ ಆಸೆ. ಸೀಲಿನ ಮೇಲೆ ಬೆರಳಿಟ್ಟು ತೋರಿಸಿದೆ. ಅವನು ಪಾಪ ನಗಲಿಲ್ಲ. ಒಳಗೆ ಕೂರಿಸಿದರು, ಬೆಣ್ಣೆ ಚಹಾ ಕೊಟ್ಟರು, ರಾತ್ರಿ ಸ್ಕ್ಯೂ ಅಂತ ಹಿಟ್ಟಿನ ತುಂಡು, ತರಕಾರಿ ಹಾಕಿ ಬೇಯಿಸಿದ್ದನ್ನು ಹೊಟ್ಟೆ ತುಂಬಾ ಬಡಿಸಿದರು. ಆ ಅಜ್ಜಿ ಒಲೆ ಮುಂದೆ ಕೂತು ನನ್ನ ಲ್ಯಾಮಿನೇಟೆಡ್ ವೋಚರಿನಿಂದ ಗಾಳಿ ಬೀಸಿ ಬೆಂಕಿ ಹೊತ್ತಿಸುತ್ತಿದ್ದರು. ಅದು ಉಪಯೋಗಕ್ಕೆ ಬಂದದ್ದು ಅದೊಂದೇ ಸಲ.

ಆ ಮನೆಯ ದುಡ್ಡು ನಾವೇ ಕೊಟ್ಟೆವು. ಮುಂದಿನ ಮನೆಗಳಿಗೂ. ಅಂದರೆ ಎರಡೆರಡು ಸಲ.

ಇನ್ನು ಆ ಮ್ಯಾಪ್ ಫೈಲ್. ಯಾರೋ ಕಂಪ್ಯೂಟರ್ ಮುಂದೆ ಕೂತು ಊರಿಂದ ಊರಿಗೆ ಸ್ಕೇಲ್ ಇಟ್ಟು ಗೀಟು ಎಳೆದಿದ್ದಾರೆ. ನೀಲಿ ಗೆರೆ ಬೆಟ್ಟದ ಹೊಟ್ಟೆಯೊಳಗೆ ಹೋಗುತ್ತದೆ, ಹೊಳೆಯ ಮಧ್ಯೆ ಹೋಗುತ್ತದೆ. ಎರಡನೇ ದಿನ ಅದನ್ನು ನಂಬಿ ಹೊಳೆಯ ತಪ್ಪು ದಡ ಹಿಡಿದು, ಬಂಡೆ ಅಡ್ಡ ಬಂದು ವಾಪಸ್ ತಿರುಗಿದೆವು. ಅಷ್ಟರಲ್ಲಿ ಮಧ್ಯಾಹ್ನ. ಅಲ್ಲಿನ ಹೊಳೆಗಳು ಮಂಜು ಕರಗಿದ ನೀರು. ಬೆಳಿಗ್ಗೆ ಮೊಣಕಾಲಿಗಿದ್ದದ್ದು ಬಿಸಿಲೇರಿದ ಮೇಲೆ ತೊಡೆಗೆ ಬರುತ್ತದೆ. ದಾಟುವಾಗ ನನ್ನ ಹೆಂಡತಿ ಜಾರಿದಳು. ರಸ್ತೆ ಕೆಲಸಕ್ಕೆ ಜಾರ್ಖಂಡಿನಿಂದ ಬಂದ ಇಬ್ಬರು ಹುಡುಗರು ಕಂಡು ಓಡಿ ಬಂದು ಕೈ ಹಿಡಿದು ದಾಟಿಸಿದರು. ಅವರು ಇಲ್ಲದಿದ್ದರೆ ಅನ್ನುವುದನ್ನು ನಾನು ಬರೆಯಲಾರೆ. ಅವತ್ತಿಂದ ಅವಳು ಆ ವಿಷಯ ಎತ್ತಿಲ್ಲ, ನಾನೂ ಎತ್ತಿಲ್ಲ.

ಅವರ ಪ್ಲಾನಿನಲ್ಲಿ ಮಾರ್ಖಾ ಊರಿನಿಂದ ಕೊಂಗ್‌ಮಾರು ಲಾ ಕೆಳಗಿನ ನಿಮಾಲಿಂಗ್‌ಗೆ ಒಂದೇ ದಿನ. ಹತ್ತಿರ ಹತ್ತಿರ ಸಾವಿರ ಮೀಟರ್ ಏರು. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ ಐನೂರು ಮೀಟರಿಗಿಂತ ಜಾಸ್ತಿ ಏರಿಸಬಾರದು ಅನ್ನುವುದು ಎಲ್ಲ ಕಡೆ ಹೇಳುವ ಮಾತು. ನಾವು ನಡುವಿನ ಹಂಕರ್ ಊರಿನಲ್ಲಿ ನಿಂತೆವು, ಆದರೂ ಅಲ್ಲಿ ಅವಳಿಗೆ ತಲೆನೋವು, ವಾಂತಿ. ಬೆಳಕು ಹರಿಯುತ್ತಲೇ ಕೆಳಗಿಳಿದು, ವ್ಯಾನ್ ಹಿಡಿದು ಲೇಹ್ ಸೇರಿದೆವು. ಅದಕ್ಕೆ 9,000. ಕಣಿವೆ ಮುಗಿಯಿತು.

ಈಗ ಅವರ ಉತ್ತರಗಳು. ಲೇಹ್‌ನಿಂದ ಫೋನ್ ಮಾಡಿ ಕುದುರೆ ಯಾಕೆ ಬರಲಿಲ್ಲ ಅಂತ ಕೇಳಿದೆ. “ನೀವು ಎರಡು ದಿನ ಲೇಟ್ ಮಾಡಿದ್ರಲ್ಲ ಸಾರ್, ಕುದುರೆ ಬಂದು ವಾಪಸ್ ಹೋಯ್ತು.” ಹೆಬ್ಬೆಟ್ಟಿನ ಮೆಸೇಜ್ ಕಳಿಸಿದೆ. ಒಂದು ದಿನ ಉತ್ತರ ಇಲ್ಲ. ಆಮೇಲೆ, “ಕುದುರೆ ಅವೈಲಬಿಲಿಟಿ ಮೇಲೆ ಸಾರ್, ಷರತ್ತು ಓದಿ.” ಮನೆಗಳ ದುಡ್ಡು ಎರಡು ಸಲ ಕೊಟ್ಟೆವಲ್ಲ ಅಂದರೆ, “ಮಲಗೋಕೆ ಜಾಗ ಸಿಕ್ತು ತಾನೇ? ಊಟ ಸಿಕ್ತು ತಾನೇ?” ನನ್ನ ಹೆಂಡತಿ ಹೊಳೆಗೆ ಬೀಳುತ್ತಿದ್ದಳಪ್ಪಾ ಅಂದೆ. ಆಗ ಬಂತು ನೋಡಿ:

“ಸಾರ್, ಸೆಲ್ಫ್ ಗೈಡೆಡ್ ಅಂದ್ರೆ ಸೆಲ್ಫ್ ಅಲ್ವಾ ಸಾರ್. ಹೆಸರಲ್ಲೇ ಇದೆ.”

ಇದನ್ನು ಎಷ್ಟು ಸಲ ಓದಿದ್ದೇನೋ. ರಾತ್ರಿ ಎದ್ದು ಓದಿದ್ದೇನೆ. ಹೆಸರಲ್ಲೇ ಇದೆ! ಹಾಗಾದರೆ ಆ 96,000 ಯಾವುದಕ್ಕೆ? ಸೆಲ್ಫಿಗಾ?

ಮೈಸೂರಿಗೆ ಬಂದ ಮೇಲೆ ಆಫೀಸಿಗೇ ಹೋದೆ. ನೀರು ಕೊಟ್ಟರು, ಕಾಫಿ ಕೊಟ್ಟರು. “ಐದು ಸ್ಟಾರ್ ಹಾಕಿಬಿಡಿ ಸಾರ್, 2,000 ವಾಪಸ್ ಮಾಡಿಸ್ತೀನಿ” ಅಂದ. ನಗುತ್ತಲೇ ಅಂದ. ಕಾಫಿ ಅಲ್ಲೇ ಬಿಟ್ಟು ಎದ್ದು ಬಂದೆ, ಅದೊಂದೇ ಆ ಇಡೀ ವ್ಯವಹಾರದಲ್ಲಿ ನಾನು ಮಾಡಿದ ಗಟ್ಟಿ ಕೆಲಸ.

1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ, ಅದು ಗ್ರಾಹಕರ ಸಹಾಯವಾಣಿ. ಜಿಲ್ಲಾ ಗ್ರಾಹಕರ ಆಯೋಗಕ್ಕೂ ಕೊಟ್ಟಿದ್ದೇನೆ. 2019ರ ಕಾಯ್ದೆಯ ಪ್ರಕಾರ ನಾವು ಇರುವ ಊರಲ್ಲೇ ದೂರು ಕೊಡಬಹುದು, ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಕೊಡಬೇಕು. ಬಿಲ್ಲಿಲ್ಲದ ಎರಡನೇ ಕಂತಿಗೆ ನನ್ನ ಹತ್ತಿರ ಇರುವುದು ಯುಪಿಐ ಚಿತ್ರ ಒಂದೇ. ನೀವು ಹಾಗೆ ಮಾಡಬೇಡಿ, ಕಂಪನಿ ಖಾತೆಗೆ ಹಾಕಿ, ಬಿಲ್ಲು ಇಸ್ಕೊಳ್ಳಿ. ಕುದುರೆಯವನ ಫೋನ್ ನಂಬರ್ ಕೇಳಿ, ಮನೆಯವರ ನಂಬರ್ ಕೇಳಿ. ಕೊಡದಿದ್ದರೆ ಅಲ್ಲಿಗೇ ಬಿಡಿ. ನಿಜ ಹೇಳಬೇಕೆಂದರೆ ಮಾರ್ಖಾಕ್ಕೆ ಇವರ್ಯಾರೂ ಬೇಡ. ಲೇಹ್‌ಗೆ ಹೋಗಿ ಎರಡು ದಿನ ಕೂತು, ಅಲ್ಲೇ ವಿಚಾರಿಸಿ ಹೋದರೆ ಮನೆಗಳವರೇ ನೋಡಿಕೊಳ್ಳುತ್ತಾರೆ. ಟ್ರಾಲಿ ಬ್ಯಾಗ್ ಮಾತ್ರ ಬೇಡ.

ನಿಮಗೆ ಬಂದಿರುವುದೂ ಅದೇ ಪಿಡಿಎಫ್ ಅಂತ ತಿಳಿಯುವುದು ಸುಲಭ. ಆರನೇ ಪುಟ ತೆಗೆಯಿರಿ. “ಮುಂದೆ ಬಂಕ್ ಇಲ್ಲ, ಕಾಜಾದಲ್ಲೇ ಪೆಟ್ರೋಲ್ ತುಂಬಿಸಿಕೊಳ್ಳಿ” ಅಂತ ಇರುತ್ತದೆ. ಕಾಜಾ ಇರುವುದು ಹಿಮಾಚಲದ ಸ್ಪಿಟಿಯಲ್ಲಿ. ನಾವು ಹೊರಟಿದ್ದು ಲಡಾಖ್‌ಗೆ, ಅದೂ ನಡೆದುಕೊಂಡು. ಯಾವುದೋ ಬೈಕಿನವರ ಹಾಳೆ ನಕಲು ಹೊಡೆದು ಅದೊಂದು ಸಾಲು ಅಳಿಸಲು ಮರೆತಿದ್ದಾರೆ. ಹೊರಡುವ ಮುಂಚೆ ನಾನು ಅದನ್ನು ಮೂರು ಸಲ ಓದಿದ್ದೆ.

ಆ ಸಾಲು ನಿಮ್ಮ ಹಾಳೆಯಲ್ಲೂ ಇದ್ದರೆ ಬಾಕಿ ದುಡ್ಡು ಹಾಕಬೇಡಿ.